ಕಂದು, ಕೆಂಪು, ಕೆಂಪು

ನಮ್ಮೂರಿನ ಗಾಳಿ ಮನುಷ್ಯರ ಮಾತನ್ನು ಹೊರುವುದಿಲ್ಲ. ನಾಯಿ ಬೊಗಳಿದ್ದು ಕೇಳುತ್ತದೆ, ತಟ್ಟೆ ಬಿದ್ದದ್ದು ಕೇಳುತ್ತದೆ, ಕೆಮ್ಮು, ಸೀನು, ಗೊರಕೆ ಎಲ್ಲ ಕೇಳುತ್ತವೆ. ಮಾತು ಮಾತ್ರ ತುಟಿ ದಾಟಿದೊಡನೆ ಇಲ್ಲವಾಗುತ್ತದೆ. ಗೊರಕೆಯನ್ನು ಹೊತ್ತು ತಿರುಗುವ ಗಾಳಿಗೆ ಮಾತೇಕೆ ಭಾರವಾಯಿತು ಎಂದು ಚಿಕ್ಕವಳಿದ್ದಾಗ ಅಪ್ಪನನ್ನು ಕೇಳಿದ್ದೆ. ಅಪ್ಪ ಹೆಡ್‌ಫೋನ್ ತೆಗೆದಿಟ್ಟು ಊಟಕ್ಕೆ ಎದ್ದುಹೋದ. ಆಮೇಲೆ ನಾನು ಯಾರನ್ನೂ ಕೇಳಲಿಲ್ಲ.

ಅದಕ್ಕೇ ಇಲ್ಲಿ ಪೆಟ್ಟಿಗೆಯಿಲ್ಲದ ಮನೆ ಇಲ್ಲ. ಮರದ ಪೆಟ್ಟಿಗೆ, ಅದರ ಮೇಲೆ ಹಳೆಯ ರೇಡಿಯೋದಲ್ಲಿ ಇರುವಂಥ ಎರಡು ಗಾಜಿನ ವಾಲ್ವ್, ಮುಂದೆ ದನಿ ಏರಿಸಿ ಇಳಿಸುವ ಎರಡು ಗುಂಡಿ, ಆ ಕಡೆಗೊಂದು ಈ ಕಡೆಗೊಂದು ಹೆಡ್‌ಫೋನ್ ಮತ್ತು ಮೈಕು. ಒಂದು ವಾಲ್ವ್ ಗಂಡನ ದನಿಯನ್ನು ಹೆಂಡತಿಯ ಕಿವಿಗೆ ಮುಟ್ಟಿಸುತ್ತದೆ, ಇನ್ನೊಂದು ಹೆಂಡತಿಯ ದನಿಯನ್ನು ಗಂಡನ ಕಿವಿಗೆ. ಜಗಳವೂ ಅದರಲ್ಲೇ, ರಾಜಿಯೂ ಅದರಲ್ಲೇ. ಸಿಟ್ಟು ಬಂದವರು ಹೆಡ್‌ಫೋನನ್ನು ಮೊಳೆಗೆ ನೇತುಹಾಕಿಬಿಟ್ಟರೆ ಎದುರಿನವರು ಎಷ್ಟು ಬಾಯಿ ಮಾಡಿದರೂ ದಂಡ. ತೊಟ್ಟಿಲಿಗೂ ಒಂದು ಮೈಕು ಕಟ್ಟಿರುತ್ತೇವೆ. ಬೀದಿಯಲ್ಲಿ ಕೈಸನ್ನೆ, ಸಂತೆಯಲ್ಲಿ ಸ್ಲೇಟು. ಹೊರಗಿನಿಂದ ಬಂದವರು ಎರಡು ದಿನ ಗಾಬರಿಯಿಂದ ಓಡಾಡಿ ಮೂರನೆಯ ದಿನ ನನ್ನ ಅಂಗಡಿಯ ಬಾಗಿಲಿಗೆ ಬರುತ್ತಾರೆ.

ನನ್ನದು ಈ ಪೆಟ್ಟಿಗೆಗಳ ರಿಪೇರಿ. ಅಪ್ಪನಿಂದ ನನ್ನ ಕೈಗೆ ಬಂದ ಕೆಲಸ. ಹೆಂಗಸು ಬೆಸುಗೆ ಹಾಕುವುದುಂಟೇ ಎಂದು ಮೂಗು ಮುರಿದವರ ಪೆಟ್ಟಿಗೆಗಳೂ ಈಗ ನನ್ನ ಮೇಜಿನ ಮೇಲೇ ಬಂದು ಕೂರುತ್ತವೆ. ಅವರ ಸರದಿಯನ್ನು ನಾನು ಕೊನೆಗೆ ಹಾಕುತ್ತೇನೆ. ವಾಲ್ವ್‌ಗಳು ಕೆಡುತ್ತವೆ, ಬದಲಾಯಿಸಬೇಕು. ಆದರೆ ಒಂದನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸಿದರೆ ಮುಗಿಯಿತು ಎನ್ನುವ ಕೆಲಸ ಇದಲ್ಲ. ವಾಲ್ವಿನ ಕಾಲಿಗೆ ಒಂದು ರೆಸಿಸ್ಟರ್ ಇರುತ್ತದೆ. ಭತ್ತದ ಕಾಳಿಗಿಂತ ಸ್ವಲ್ಪ ದೊಡ್ಡದು, ಮೈಮೇಲೆ ಬಣ್ಣದ ಪಟ್ಟೆಗಳು. ವಾಲ್ವಿನೊಳಗೆ ಎಷ್ಟು ಕರೆಂಟ್ ಹರಿಯಬೇಕು ಎಂದು ನಿಗಾ ಇಡುವುದು ಅದೇ. ಅದರ ತಡೆಯನ್ನು ಓಮಿನಲ್ಲಿ ಅಳೆಯುತ್ತೇವೆ, ಎಷ್ಟೆಂದು ಆ ಪಟ್ಟೆಗಳ ಬಣ್ಣ ಹೇಳುತ್ತದೆ. ಓಮ್ ಇಳಿಸಿದರೆ ವಾಲ್ವ್ ಹೆಚ್ಚು ಕರೆಂಟ್ ಕುಡಿಯುತ್ತದೆ, ದನಿ ತುಂಬಿಕೊಂಡು ಬರುತ್ತದೆ, ವಾಲ್ವ್ ಮಾತ್ರ ಬೇಗ ಬೆಂದುಹೋಗುತ್ತದೆ. ಏರಿಸಿದರೆ ವಾಲ್ವ್ ಬಹುಕಾಲ ಬಾಳುತ್ತದೆ, ದನಿ ತೆಳ್ಳಗಾಗುತ್ತದೆ. ಬೇರೆ ಜಾತಿಯ ವಾಲ್ವ್ ಹಾಕಿ ಹಳೆಯ ರೆಸಿಸ್ಟರನ್ನೇ ಬಿಟ್ಟರೆ ಗಂಡನ ದನಿ ಮಾವನ ದನಿಯಾಗಿ ಕೇಳಲೂಬಹುದು. ಹಾಗೆ ಕೇಳಿ ದಡಕ್ಕನೆ ಎದ್ದು ನಿಂತ ಸೊಸೆಯರನ್ನು ನಾನು ನೋಡಿದ್ದೇನೆ.

ಅದಕ್ಕಾಗಿ ನಮ್ಮ ಕಸುಬಿನಲ್ಲಿ ಒಂದೇ ಒಂದು ಕಟ್ಟಳೆ ಇದೆ. ಅದನ್ನು ಒಪ್ಪಿಗೆ ಎನ್ನುತ್ತೇವೆ. ಹೊಸ ವಾಲ್ವ್ ಹಾಕಿದ ಮೇಲೆ ಅದರ ಕಾಲಿಗೆ ತಿರುಗಿಸುವ ರೆಸಿಸ್ಟರ್ ಒಂದನ್ನು ತಾತ್ಕಾಲಿಕವಾಗಿ ಸಿಕ್ಕಿಸುತ್ತೇವೆ. ಮಾತಾಡುವವರು ಕೇಳುವವರ ಹೆಸರು ಹಿಡಿದು ಕರೆಯಬೇಕು. ನಾವು ನಿಧಾನವಾಗಿ ತಿರುಗಿಸುತ್ತ ಹೋಗಬೇಕು. ಕೇಳುವವರು 'ಸರಿ' ಎಂದ ಕಡೆ ನಿಲ್ಲಿಸಿ, ಮೀಟರಿನಲ್ಲಿ ಓಮ್ ಅಳೆದು, ಅಷ್ಟೇ ಓಮಿನ ರೆಸಿಸ್ಟರನ್ನು ಬೆಸುಗೆ ಹಾಕಬೇಕು. ಯಾರ ದನಿ ಹೇಗಿದೆ ಎಂದು ತೀರ್ಮಾನಿಸುವುದು ಕೇಳುವವರ ಕಿವಿ, ರಿಪೇರಿಯವರ ಕಿವಿಯಲ್ಲ. ಒಪ್ಪಿಗೆಯಿಲ್ಲದೆ ಬೆಸುಗೆ ಮುಟ್ಟಬೇಡ ಎಂದು ಅಪ್ಪ ಸಾಯುವ ಮುಂಚೆ ಕೂಡ ಹೇಳಿದ್ದ. ನಾನು ಆ ಕಟ್ಟಳೆಯನ್ನು ಒಂದೇ ಮನೆಯಲ್ಲಿ ಮೂರು ಸಲ ಮುರಿದೆ. ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ಆ ಮನೆ ಹಾಲಮ್ಮಕ್ಕನದು. ಹಾಲಮ್ಮಕ್ಕನಿಗೆ ಹುಟ್ಟಿನಿಂದ ಕಣ್ಣಿಲ್ಲ. ಗಂಡ ಕರಿಬಸಣ್ಣನದು ಹಿಟ್ಟಿನ ಗಿರಣಿ. ಆತನ ಹುಬ್ಬು ಯಾವ ಬಣ್ಣದ್ದೆಂದು ಊರಿನಲ್ಲಿ ಯಾರೂ ಸರಿಯಾಗಿ ನೋಡಿರಲಿಕ್ಕಿಲ್ಲ, ಯಾವಾಗಲೂ ಹಿಟ್ಟು. ಅವರ ಮದುವೆಯ ದಿನ ಅಪ್ಪ ಪೆಟ್ಟಿಗೆ ಹಾಕಲು ಹೋಗಿದ್ದಾಗ ಏಳು ವರ್ಷದ ನಾನೂ ಜೊತೆಗಿದ್ದೆ. ಮದುಮಗ ಹೆಸರು ಕರೆದ, ಅಪ್ಪ ತಿರುಗಿಸತೊಡಗಿದ. ಹಾಲಮ್ಮಕ್ಕ ಸರಿ ಅನ್ನಲೇ ಇಲ್ಲ. ಕಿವಿಯೊಳಗಿನ ದನಿ ಪಕ್ಕದಲ್ಲಿ ಕೂತವನದೇ ಎಂದು ತನಗೆ ಹೇಗೆ ಗೊತ್ತಾಗಬೇಕು, ಆತನ ಎದೆಯ ಮೇಲೆ ಕೈ ಇಟ್ಟು ನೋಡುತ್ತೇನೆ ಎಂದಳು. ಅಪ್ಪ ಅದನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದಾಗ ಹಿರಿಯರು ಸೆರಗು, ಶಲ್ಯ ಬಾಯಿಗೆ ಒತ್ತಿಕೊಂಡು ನಕ್ಕರು. ಆಕೆ ನಗಲಿಲ್ಲ. ಮಾತಾಡುವಾಗ ಎದೆ ನಡುಗುತ್ತದಲ್ಲ, ಆ ನಡುಕವನ್ನು ಅಂಗೈಯಲ್ಲಿ ಹಿಡಿದು, ದನಿಯನ್ನು ಕಿವಿಯಲ್ಲಿ ಹಿಡಿದು, ಎರಡೂ ಹೊಂದಿದ ಕಡೆ ಸರಿ ಎಂದಳು. ಎಂಟುನೂರ ಇಪ್ಪತ್ತು ಓಮ್. ಬೂದು, ಕೆಂಪು, ಕಂದು. ಅಪ್ಪ ಬೆಸುಗೆ ಹಾಕಿದ.

ಆಮೇಲೆ ಹಾಗೆ ಅಂಗೈ ಇಟ್ಟು ಕೇಳುವುದೇ ಆಕೆಗೆ ರೂಢಿಯಾಯಿತು. ಸಂಜೆ ಕರಿಬಸಣ್ಣ ಬಾಗಿಲಿಗೆ ಎರಡು ಸಲ ತಟ್ಟಿ ಒಳಗೆ ಬಂದು, ಕೈಕಾಲು ತೊಳೆದು, ಮೈಕಿನ ಮುಂದೆ ಕೂತು, "ಹಾಲಮ್ಮ, ನಾನು ಬಂದೀನಿ" ಅನ್ನುತ್ತಿದ್ದ. ಆಕೆ ಹೆಡ್‌ಫೋನ್ ಹಾಕಿಕೊಂಡು ಆತನ ಎದೆಯ ಮೇಲೆ ಕೈ ಇಟ್ಟು ದಿನದ ಸುದ್ದಿ ಕೇಳುತ್ತಿದ್ದಳು. ಮಕ್ಕಳಾಗಲಿಲ್ಲ. ಅದರ ಬಗ್ಗೆ ಅವರಿಬ್ಬರೂ ಯಾರ ಹತ್ತಿರವೂ ದುಃಖ ತೋಡಿಕೊಂಡದ್ದನ್ನು ನಾನು ಕಾಣೆ.

ಹಗಲು ಹೊತ್ತು ಹಾಲಮ್ಮಕ್ಕ ನನಗಾಗಿ ಕಾಯಿಲ್ ಸುತ್ತುತ್ತಿದ್ದಳು. ಹೆಡ್‌ಫೋನಿನೊಳಗೆ ಇರುವ ಕಾಯಿಲ್ ಅದು, ಕೂದಲಿಗಿಂತ ಸಣ್ಣ ತಾಮ್ರದ ತಂತಿ, ಸಾವಿರಗಟ್ಟಲೆ ಸುತ್ತು. ಕಣ್ಣಿದ್ದವರು ಕಣ್ಣು ನಂಬಿ ಕೆಡಿಸುತ್ತಾರೆ. ಆಕೆ ಬೆರಳು ನಂಬಿ ಸುತ್ತುತ್ತಿದ್ದಳು. ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿದರೆ ಅಲ್ಲೇ ಗೊತ್ತಾಗುತ್ತಿತ್ತು. ಊರಿನ ಅರ್ಧ ಜನರ ಕಿವಿಗೆ ಮಾತು ಮುಟ್ಟುವುದು ಹಾಲಮ್ಮಕ್ಕನ ಬೆರಳಿನಿಂದ ಎಂದು ನಾನು ಹೇಳಿದರೆ, "ಇನ್ನರ್ಧ ಜನ ಪುಣ್ಯ ಮಾಡಿದ್ರು ಬಿಡು" ಅನ್ನುತ್ತಿದ್ದಳು.

ಕಳೆದ ವರ್ಷ ಮುಂಗಾರು ಜೋಳದ ಸುಗ್ಗಿ ಮುಗಿದ ಮೇಲೆ ಕರಿಬಸಣ್ಣ ನನ್ನ ಅಂಗಡಿಗೆ ಬಂದ. ಅಂಗಡಿಯ ಪೆಟ್ಟಿಗೆಯ ಮುಂದೆ ಕೂತು ಹೆಡ್‌ಫೋನ್ ಹಾಕಿಕೊಂಡ. ಆತ ಮಾತಾಡಿದಾಗ ನಾನು ಮೊದಲು ನನ್ನ ಪೆಟ್ಟಿಗೆಯ ಮೇಲೇ ಅನುಮಾನಪಟ್ಟೆ. ಗುಂಡಿ ಏರಿಸಿದೆ.

"ಪೆಟ್ಟಿಗೆ ಸರಿ ಐತವ್ವ. ನಂದೇ ಸರಿ ಇಲ್ಲ" ಅಂದ.

ಗಂಟಲಲ್ಲಿ ಗಡ್ಡೆ. ಗುಡ್ಡದಾಚೆಯ ಡಾಕ್ಟರು ನೋಡಿ, ದನಿ ಸವೆಯುತ್ತ ಹೋಗುತ್ತದೆ, ಆಮೇಲೆ ಉಳಿದದ್ದೂ ಸವೆಯುತ್ತದೆ ಎಂದಿದ್ದರಂತೆ. ಒಂದು ವರ್ಷ, ಹೆಚ್ಚೆಂದರೆ. ಆತ ಇದನ್ನು ಹಿಟ್ಟಿನ ದರ ಹೇಳಿದ ಹಾಗೆ ಹೇಳಿದ.

"ಅಕ್ಕಗೆ ಹೇಳೀರೇನು?"

"ಇಲ್ಲ. ಹೇಳಾದೂ ಇಲ್ಲ. ಅಕಿಗೆ ನಾನು ಅಂದ್ರೆ ಮುಖ ಅಲ್ಲ ವೀರವ್ವ, ದನಿ. ದನಿ ಸಣ್ಣಗಾದ್ರೆ ನಾನು ದಿನಾ ಅಕಿ ಮುಂದೆ ಸಾಯ್ತಾ ಕುಂತಂಗೆ. ಕೆಮ್ಮಿದ್ರೆ ಹಿಟ್ಟಿನ ಧೂಳು ಅಂತೀನಿ. ದನಿಗೆ ಏನ್ ಹೇಳ್ಲಿ?"

"ಗುಂಡಿ ಏರಿಸಿಕೊಳ್ರಿ."

"ಗುಂಡಿ ಅಕಿ ಕೈಯಾಗೇ ಇರ್ತೈತೆ. ಐದನೇ ಗೆರೆ. ಒಂದು ಕೂದಲೆಳೆ ಸರಿದ್ರೂ ಗೊತ್ತಾಗ್ತೈತೆ. ನೀನು ಒಳಗಿಂದ ಮಾಡು."

ನಾನು ಆಗುವುದಿಲ್ಲ ಎಂದೆ. ಒಪ್ಪಿಗೆಯ ಮಾತು ಎತ್ತಿದೆ. ಆತ ವಾದ ಮಾಡಲಿಲ್ಲ, ತಲೆ ತಗ್ಗಿಸಿ ಕೂತ. ಹುಬ್ಬಿನ ಹಿಟ್ಟು ನನ್ನ ಮೇಜಿನ ಮೇಲೆ ಉದುರಿತು. ನಾನು ಸಿಡುಕಿ, ಬೈಗುಳಕ್ಕೆ ಹೆಸರಾದವಳು. ಆದರೆ ಎದುರಿಗೆ ಕೂತು ಸುಮ್ಮನಿರುವವರ ಮುಂದೆ ನನ್ನದೇನೂ ನಡೆಯುವುದಿಲ್ಲ. ಮರುದಿನ ಹಾಲಮ್ಮಕ್ಕ ಹಿತ್ತಲಿಗೆ ಸ್ನಾನಕ್ಕೆ ಹೋದ ಹೊತ್ತಿಗೆ ಪೆಟ್ಟಿಗೆ ಬಿಚ್ಚಿದೆ. ಅಪ್ಪ ಹಾಕಿದ್ದ ರೆಸಿಸ್ಟರ್ ಮೂವತ್ತೆಂಟು ವರ್ಷ ಕಾದು ಮೈ ಸೀದುಹೋಗಿತ್ತು. ಕೀಳುವಾಗ ಎರಡು ತುಂಡಾಯಿತು. ಅದರ ಜಾಗದಲ್ಲಿ ಐನೂರ ಅರವತ್ತು ಹಾಕಿದೆ. ಹಸಿರು, ನೀಲಿ, ಕಂದು. ಸಂಜೆ ಹಾಲಮ್ಮಕ್ಕನ ಮುಖ ಎಂದಿನಂತೆ ಇತ್ತೆಂದು ಕರಿಬಸಣ್ಣ ಬಂದು ಹೇಳಿದಾಗ ನನಗೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಹೆಮ್ಮೆಯಾಯಿತು. ಒಂದು ಕಾಳಿನಷ್ಟು ವಸ್ತುವಿನಿಂದ ಒಬ್ಬನ ಕಾಯಿಲೆಯನ್ನು ಮುಚ್ಚಿಟ್ಟಿದ್ದೆ.

ಮೂರು ತಿಂಗಳಿಗೆ ಅದೂ ಸಾಲದಾಯಿತು. ನಾನೂರ ಎಪ್ಪತ್ತು ಹಾಕಿದೆ. ಹಳದಿ, ನೇರಳೆ, ಕಂದು. ಮತ್ತೆ ಎರಡು ತಿಂಗಳಿಗೆ ಮುನ್ನೂರ ಮೂವತ್ತು. ಕಿತ್ತಳೆ, ಕಿತ್ತಳೆ, ಕಂದು. ಅಷ್ಟು ಇಳಿಸಿದರೆ ವಾಲ್ವಿನ ಒಳಗಿನ ತಗಡು ಕೆಂಪಗೆ ಕಾಯುತ್ತದೆ. ಕಣ್ಣಿದ್ದವರಾಗಿದ್ದರೆ ನೋಡಿಯೇ ಏನೋ ಎಡವಟ್ಟಾಗಿದೆ ಎನ್ನುತ್ತಿದ್ದರು.

ಒಂದು ದಿನ ನಾನು ತಂತಿಯ ಉರುಳೆ ಕೊಡಲು ಹೋಗಿ ಮೈಕಿನಲ್ಲಿ, "ಅಕ್ಕಾ, ಇಪ್ಪತ್ತು ಕಾಯಿಲ್ ಬೇಕು" ಎಂದೆ. ಹಾಲಮ್ಮಕ್ಕ ಹೆಡ್‌ಫೋನನ್ನು ಕಿವಿಯಿಂದ ಸ್ವಲ್ಪ ಸರಿಸಿದಳು.

"ಇತ್ತೀಚೆಗೆ ಬಂದೋರೆಲ್ಲ ಹಿಂಗೇ ಕೂಗಾಡ್ತೀರಲ್ಲ. ಪಕ್ಕದ ಮನೆಯಾಕಿನೂ ಕೂಗ್ತಾಳೆ, ಹಾಲಿನವಳೂ ಕೂಗ್ತಾಳೆ. ನನಗೆ ಕಿವಿ ಹೋಗೈತೆ ಅಂತ ಯಾರಾದ್ರೂ ಊರಾಗೆ ಹಬ್ಬಿಸ್ಯಾರೇನು?"

ಗಂಡನ ದನಿಗೆಂದು ನಾನು ಇಳಿಸಿದ ಓಮ್, ಆ ಮೈಕಿನ ಮುಂದೆ ಕೂತವರೆಲ್ಲರ ದನಿಯನ್ನೂ ಏರಿಸುತ್ತಿತ್ತು. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. "ನನ್ನ ಗಂಟಲೇ ದೊಡ್ಡದು ಅಕ್ಕಾ" ಎಂದು ಪಿಸುದನಿಯಲ್ಲಿ ಹೇಳಿ, ಹೋಗುತ್ತ ದಾರಿಯಲ್ಲಿ ಸಿಕ್ಕ ಹಾಲಿನವಳಿಗೂ ಪಕ್ಕದ ಮನೆಯವಳಿಗೂ ಸ್ಲೇಟಿನ ಮೇಲೆ, ಹಾಲಮ್ಮಕ್ಕನ ಹತ್ತಿರ ಮೆಲ್ಲಗೆ ಮಾತಾಡಿ ಎಂದು ಬರೆದು ತೋರಿಸಿದೆ. ಯಾಕೆ ಎಂದು ಅವರು ಕೇಳಲಿಲ್ಲ. ಒಂದು ಸುಳ್ಳಿಗೆ ಬೀದಿಯನ್ನೇ ಕಾವಲು ಕೂರಿಸಿ ಬಂದೆ.

ಆ ಇಪ್ಪತ್ತು ಕಾಯಿಲ್ ಬರಲಿಲ್ಲ. ಹದಿನೈದು ದಿನ ಬಿಟ್ಟು ಹೋದರೆ ಹಾಲಮ್ಮಕ್ಕ ಉರುಳೆಯನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ಮುಂದೆ ಇಟ್ಟಳು.

"ಬೇರೆ ಯಾರನ್ನಾದ್ರೂ ನೋಡ್ಕೋ ವೀರವ್ವ. ನನ್ನ ಕೈ ಹೋತು."

"ಹೋತು ಅಂದ್ರೆ?"

"ಜೋಮು ಹಿಡಿದೈತೆ. ಮುಟ್ಟಿದ್ದು ಮುಟ್ಟಿದಂಗೆ ತಿಳೀತಿಲ್ಲ. ಸುತ್ತಿದ್ದು ಸರಿ ಐತೋ ಇಲ್ವೋ ನಂಬಿಕೆ ಬರ್ತಿಲ್ಲ. ನಾಕು ಸುತ್ತಿ ನಾಕೂ ಬಿಚ್ಚಿದೆ." ಆಮೇಲೆ ಮೈಕಿಗೆ ಇನ್ನೂ ಹತ್ತಿರ ಬಾಗಿದಳು. "ಅವರಿಗೆ ಹೇಳಬ್ಯಾಡ. ಬ್ಯಾಸರ ಆತು, ಕೆಲಸ ಬಿಟ್ಟೆ ಅಂದೀನಿ. ಕೈನೂ ಹೋತು ಅಂತ ಗೊತ್ತಾದ್ರೆ ಅವರು ಗಿರಣಿ ಬಿಟ್ಟು ನನ್ನ ಕಾಯ್ತಾ ಕೂರ್ತಾರೆ."

ಬಟ್ಟೆಯ ಮಡಿಕೆಯಲ್ಲಿ ಬಿಚ್ಚದೇ ಉಳಿದ ಒಂದು ಕಾಯಿಲ್ ಇತ್ತು. ಅಂಗಡಿಗೆ ತಂದು ಭೂತಗನ್ನಡಿ ಹಿಡಿದು ನೋಡಿದೆ. ಒಂದು ಸುತ್ತೂ ತಪ್ಪಿರಲಿಲ್ಲ. ವಯಸ್ಸಾಯಿತು, ಸುಮ್ಮನೆ ಹೆದರಿಕೊಂಡಿದ್ದಾಳೆ ಎಂದುಕೊಂಡೆ. ಕಾಯಿಲ್ ಸಾಲದೆ ನನ್ನ ಕೆಲಸ ಕುಂಟುತ್ತಿದ್ದುದರಿಂದ ಆಕೆಯ ಮೇಲೆ ಸಿಟ್ಟೂ ಬಂತು. ಗಂಡನ ಗುಟ್ಟು ನನ್ನ ಹತ್ತಿರ, ಹೆಂಡತಿಯ ಗುಟ್ಟೂ ನನ್ನ ಹತ್ತಿರ. ತಂತಿಯ ಎರಡು ತುದಿಗಳೂ ನನ್ನ ಕೈಯಲ್ಲೇ ಇದ್ದವು. ಜೋಡಿಸಿ ನೋಡಬೇಕು ಅನ್ನಿಸಲಿಲ್ಲ. ದಿನಾ ಮಾಡುವ ಕೆಲಸವೇ ಅದು, ಆದರೂ ಅನ್ನಿಸಲಿಲ್ಲ.

ಹಾಲಮ್ಮಕ್ಕ ಕೆಲಸ ಬಿಟ್ಟ ಮೇಲೆ ಇನ್ನೂ ಕೆಲವನ್ನು ಬಿಟ್ಟಳು. ಒಲೆಯ ಹತ್ತಿರ ಒಬ್ಬಳೇ ಹೋಗುವುದನ್ನು ಬಿಟ್ಟಳು. ಅಕ್ಕಿ ಆರಿಸುವುದನ್ನು ಬಿಟ್ಟಳು. ಗೋಡೆ ಹಿಡಿಯದೆ ನಡೆಯುತ್ತಿದ್ದವಳು ಗೋಡೆ ಹಿಡಿದು ನಡೆದಳು. ಕರಿಬಸಣ್ಣ ಅಂಗಡಿಗೆ ಬಂದಾಗ, "ಅಕಿ ಯಾಕೋ ಕುಗ್ಗಿ ಹೋಗ್ಯಾಳೆ. ನನ್ನ ವಿಷಯ ಗೊತ್ತಾಗೈತೇನೋ" ಎಂದು ಕೇಳಿದ. ಗೊತ್ತಾಗುವ ಹಾಗೇ ಇಲ್ಲ ಎಂದು ನಾನು ಧೈರ್ಯ ಹೇಳಿದೆ.

ಬೇಸಿಗೆಯ ಒಂದು ಮಧ್ಯಾಹ್ನ ಆ ವಾಲ್ವ್ ಸತ್ತಿತು. ಸುಟ್ಟ ವಾಸನೆ ಮೊದಲು ಬಂದದ್ದು ಹಾಲಮ್ಮಕ್ಕನಿಗೇ. ಕರಿಬಸಣ್ಣ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ತಂದ. ಗಾಜು ಒಳಗಿನಿಂದ ಕಪ್ಪಾಗಿತ್ತು. ಆ ಜಾತಿಯ ವಾಲ್ವ್ ನನ್ನ ಹತ್ತಿರ ಒಂದೂ ಉಳಿದಿರಲಿಲ್ಲ. ಅವನ್ನು ಮಾಡುವುದನ್ನು ನಿಲ್ಲಿಸಿ ವರ್ಷಗಳಾಗಿದ್ದವು. ಹೊಸ ಜಾತಿಯದು ಇತ್ತು. ಕುಳ್ಳಗೆ, ದಪ್ಪಗೆ, ಸ್ವಭಾವವೇ ಬೇರೆ. ಅದರ ಜೊತೆ ಬಂದ ಪಟ್ಟಿಯಲ್ಲಿ ಕಾಲಿಗೆ ಸಾವಿರದ ಇನ್ನೂರು ಓಮ್ ಹಾಕಬೇಕು ಎಂದಿತ್ತು. ಅಷ್ಟು ಹಾಕಿದರೆ ಇದ್ದ ದನಿ ಇದ್ದ ಹಾಗೆ ಕೇಳುತ್ತದೆ, ಅಂದರೆ ಕರಿಬಸಣ್ಣನ ಈಗಿನ ದನಿ. ಲೆಕ್ಕ ಹಾಕಿ ನೋಡಿದೆ. ನಾನೂರಕ್ಕೆ ಇಳಿಸಿದರೆ ಮೊದಲಿನ ದನಿಗೆ ಹತ್ತಿರ ಬರುತ್ತಿತ್ತು.

"ಹಂಗೇ ಮಾಡು" ಅಂದ ಕರಿಬಸಣ್ಣ. ಅಂಗಡಿಯ ಪೆಟ್ಟಿಗೆಯ ಗುಂಡಿ ಪೂರ್ತಿ ಏರಿಸಿದ್ದರೂ ಆತನ ಮಾತು ಹೊಟ್ಟು ಉದುರಿದಷ್ಟೇ ಕೇಳುತ್ತಿತ್ತು.

"ಈ ಸಲ ಕದ್ದು ಹಾಕಾಕೆ ಆಗಲ್ಲ ಅಣ್ಣ. ವಾಲ್ವ್ ಸುಟ್ಟಿದ್ದು ಅಕ್ಕಗೆ ಗೊತ್ತು. ಒಪ್ಪಿಗೆ ಕೇಳೇ ಕೇಳ್ತಾಳೆ."

"ಕೇಳ್ಲಿ. ನೀನು ನಾನೂರಕ್ಕೆ ಇಟ್ಟೇ ಶುರು ಮಾಡು. ಮೊದಲನೇ ಸಲಕ್ಕೇ ಸರಿ ಅಂತಾಳೆ. ನನಗೆ ಇನ್ನೇನು, ಎರಡು ಮೂರು ತಿಂಗಳು. ಅಷ್ಟು ದಾಟಿಸು."

ಮೂರನೆಯ ದಿನ ಬೆಳಗ್ಗೆ ಪೆಟ್ಟಿಗೆ ಹೊತ್ತುಕೊಂಡು ಹೋದೆ. ಎರಡು ದಿನ ಮಾತಿಲ್ಲದ ಮನೆ. ಹಾಲಮ್ಮಕ್ಕ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ಎರಡೂ ಕೈಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು. ವಾಲ್ವ್ ಬಿಸಿಯಾಗುವ ತನಕ ಕಾದೆವು. ತಿರುಗಿಸುವ ರೆಸಿಸ್ಟರ್ ನಾನೂರರಲ್ಲಿತ್ತು. ಆಕೆ ಹೆಡ್‌ಫೋನ್ ಹಾಕಿಕೊಂಡು, ಸ್ವಲ್ಪ ಹಿಂಜರಿದು, ಬಲಗೈಯನ್ನು ಗಂಡನ ಎದೆಯ ಮೇಲೆ ಇಟ್ಟಳು. ಆಕೆಯ ಮಾತು ಕೇಳಲು ಕರಿಬಸಣ್ಣನ ಹೆಡ್‌ಫೋನಿಗೆ ನನ್ನದನ್ನೂ ಜೋಡಿಸಿಕೊಂಡಿದ್ದೆ.

"ಹಾಲಮ್ಮ, ನಾನು ಬಂದೀನಿ" ಅಂದ ಕರಿಬಸಣ್ಣ.

ಆಕೆ ಸರಿ ಅನ್ನಲಿಲ್ಲ. ಇನ್ನೊಮ್ಮೆ ಅನ್ನಲು ಹೇಳಿದಳು. ಆತ ಇನ್ನೊಮ್ಮೆ ಅಂದ.

"ವೀರವ್ವ, ದನಿ ಇಳಿಸು."

ಸ್ವಲ್ಪ ತಿರುಗಿಸಿದೆ. ಐನೂರು.

"ಇನ್ನೂ."

ಆರುನೂರು. ಕರಿಬಸಣ್ಣ ನನ್ನನ್ನು ನೋಡಿ ಬೇಡವೆಂದು ತಲೆಯಾಡಿಸಿದ. ನಾನು ನಿಲ್ಲಿಸಿದೆ. ನನ್ನ ಕೈ ನಿಂತದ್ದು ಹಾಲಮ್ಮಕ್ಕನಿಗೆ ಹೇಗೆ ತಿಳಿಯಿತೋ.

"ಯಾಕೆ ನಿಲ್ಲಿಸಿದೆ? ಸರಿ ಅನ್ನೋದು ನಾನಲ್ವಾ?"

ಅದು ಅಪ್ಪನ ಮಾತು. ನಾನು ಕರಿಬಸಣ್ಣನ ಕಡೆ ನೋಡುವುದನ್ನು ಬಿಟ್ಟು ತಿರುಗಿಸತೊಡಗಿದೆ. ಎಂಟುನೂರು. ಸಾವಿರ. ಆತ ಪ್ರತಿ ಸಲವೂ ಅದೇ ಮೂರು ಮಾತು ಹೇಳಬೇಕಿತ್ತು. ಪ್ರತಿ ಸಲವೂ ಅದು ಆಕೆಯ ಕಿವಿಯಲ್ಲಿ ಸಣ್ಣದಾಗುತ್ತ ಹೋಯಿತು. ಆರು ತಿಂಗಳಲ್ಲಿ ಆಗಬೇಕಾಗಿದ್ದ ಸವೆತ ಆಕೆಗೆ ಕಾಲು ಗಂಟೆಯಲ್ಲಿ ಆಯಿತು. ಆಕೆ ಕೈ ಮಾತ್ರ ಎದೆಯಿಂದ ತೆಗೆಯಲಿಲ್ಲ. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡು ಅಂಗೈ ಪೂರ್ತಿ ಹರಡಿಕೊಂಡಿತು.

"ಸರಿ" ಅಂದಳು.

ಮೀಟರ್ ಹಿಡಿದು ನೋಡಿದೆ. ಸಾವಿರದ ಇನ್ನೂರು.

ಆಕೆ ಹೆಡ್‌ಫೋನ್ ತೆಗೆಯಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿಕೊಂಡಳು. "ನನ್ನ ಕೈ ಸರಿ ಐತೆ" ಎಂದು ತನಗೇ ಹೇಳಿಕೊಂಡಳು. ಆಮೇಲೆ ನಮಗೆ ಹೇಳಿದಳು.

"ಆರು ತಿಂಗಳಿಂದ ಇವರ ಎದೆ ನಡುಕ ಕಮ್ಮಿ ಆಗ್ತಾ ಬಂತು. ಕಿವಿಯಾಗೆ ದನಿ ಹಂಗೇ ಇತ್ತು. ಪೆಟ್ಟಿಗೆ ಸುಳ್ಳು ಹೇಳಲ್ಲ ಅಂತ ನಂಬಿದ್ದೆ. ಹಂಗಾರೆ ಕೈ ಸತ್ತೈತೆ ಅನ್ಕಂಡೆ. ಇವರ ಎದೆನೇ ತಿಳೀದ ಕೈಗೆ ತಂತಿ ಏನ್ ತಿಳೀತೈತೆ ಅಂತ ಕೆಲಸ ಬಿಟ್ಟೆ. ಬೆಂಕಿ ಹತ್ರ ಹೋಗಾಕೆ ಹೆದರಿದೆ. ಕಣ್ಣು ಇಲ್ದೋಳು ವೀರವ್ವ ನಾನು. ನನಗೆ ಇದ್ದದ್ದು ಕೈ ಒಂದು. ಅದನ್ನೂ ಕಳ್ಕಂಡೆ ಅಂತ ದಿನಾ ಹಿತ್ತಲಾಗೆ ಕುಂತು ಅತ್ತೀನಿ. ಸುಳ್ಳು ಹೇಳಿದ್ದು ನೀನು."

ಕರಿಬಸಣ್ಣ ಮೈಕಿಗೆ ಬಾಗಿ, "ಅವಳದಲ್ಲ, ನಾನೇ ಹೇಳಿ ಮಾಡಿಸಿದ್ದು" ಎಂದ. ಆ ಓಮಿನಲ್ಲಿ ಅದು ಆಕೆಗೆ ಎಷ್ಟು ಕೇಳಿಸಿತೋ. ಆಕೆ ಆತನ ತಲೆಯನ್ನು ತಡಕಿ ಹಿಡಿದು ತನ್ನ ಹೆಗಲಿಗೆ ಒತ್ತಿಕೊಂಡಳು. ಆತ ಅಳುತ್ತಿದ್ದ. ನಮ್ಮೂರಿನಲ್ಲಿ ಅಳುವೂ ಮಾತಿನ ಹಾಗೆಯೇ, ಗಾಳಿಯಲ್ಲಿ ಕೇಳುವುದಿಲ್ಲ. ಆಕೆಗೆ ಕೈಯಿಂದ ಗೊತ್ತಾಗುತ್ತಿತ್ತು. ನಾನು ಬೆಸುಗೆ ಕಡ್ಡಿ ಕಾಯಿಸಿ, ಸಾವಿರದ ಇನ್ನೂರರ ರೆಸಿಸ್ಟರ್ ಹಾಕಿ, ಮುಚ್ಚಳ ಬಿಗಿದು, ಯಾರಿಗೂ ಹೇಳದೆ ಎದ್ದು ಬಂದೆ. ಕ್ಷಮೆ ಕೇಳಬೇಕಿತ್ತು. ಕೇಳಲು ಮೈಕು ಬಿಡುವಿರಲಿಲ್ಲ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ.

ವಾರ ಕಳೆದ ಮೇಲೆ ಆಕೆ ಪಕ್ಕದ ಮನೆಯವಳ ಕೈಯಲ್ಲಿ ತಂತಿ ಕೇಳಿ ಕಳಿಸಿದಳು. ಇಪ್ಪತ್ತು ಕಾಯಿಲ್ ಬಂದವು. ಜೊತೆಗೆ ಮಾತು ಬರಲಿಲ್ಲ. ನಾನು ಹೋದಾಗ ಆಕೆ ಹೆಡ್‌ಫೋನ್ ಮುಟ್ಟುತ್ತಿರಲಿಲ್ಲ. ತಂತಿ ತೆಗೆದುಕೊಂಡು, ಕಾಯಿಲ್ ಕೊಟ್ಟು, ಒಳಗೆ ಹೋಗುತ್ತಿದ್ದಳು. ಗೋಡೆ ಹಿಡಿಯದೆ ಹೋಗುತ್ತಿದ್ದಳು. ಅದನ್ನು ನೋಡಲಿಕ್ಕೆಂದೇ ನಾನು ಬೇಕಿಲ್ಲದಿದ್ದರೂ ತಂತಿ ಒಯ್ಯುತ್ತಿದ್ದೆ.

ಆ ತಿಂಗಳುಗಳಲ್ಲಿ ಅವರ ಬೀದಿ ಬದಲಾಯಿತು. ಸಂಜೆ ಕರಿಬಸಣ್ಣ ಮೈಕಿನ ಮುಂದೆ ಕೂರುವ ಹೊತ್ತಿಗೆ ಪಕ್ಕದವಳು ಒನಕೆ ಗೋಡೆಗೆ ಒರಗಿಸುತ್ತಿದ್ದಳು. ಹಾಲಿನವಳು ಕೊಡ ಸದ್ದಾಗದಂತೆ ಇಳಿಸುತ್ತಿದ್ದಳು. ಕರಿಬಸಣ್ಣನ ಬದಲು ಗಿರಣಿಯನ್ನು ನಡೆಸುತ್ತಿದ್ದ ಆತನ ತಮ್ಮನ ಮಗ ಆ ಒಂದು ಗಂಟೆ ಬೆಲ್ಟ್ ಇಳಿಸಿಬಿಡುತ್ತಿದ್ದ. ಅಷ್ಟು ಸಣ್ಣಗಾಗಿತ್ತು ಆ ದನಿ, ಕೇಳಬೇಕಾದರೆ ಊರು ಜಾಗ ಬಿಡಬೇಕಿತ್ತು. ಹಾಲಮ್ಮಕ್ಕ ಗುಂಡಿಯನ್ನು ಐದನೇ ಗೆರೆ ದಾಟಿಸಲಿಲ್ಲವಂತೆ. ಏರಿಸಿಕೊಳ್ಳಬಾರದೇ ಎಂದು ಪಕ್ಕದವಳು ಕೇಳಿದ್ದಕ್ಕೆ, ಇರುವಷ್ಟೇ ಸಾಕು, ಉಳಿದದ್ದು ಕೈಗೆ ತಿಳಿಯುತ್ತದೆ ಎಂದಳಂತೆ.

ಮಳೆಗಾಲ ಮುಗಿಯುವ ಹೊತ್ತಿಗೆ ಕರಿಬಸಣ್ಣ ತೀರಿಕೊಂಡ. ಒಂದು ಸಂಜೆ, ಆಕೆಯ ಅಂಗೈ ಆತನ ಎದೆಯ ಮೇಲಿದ್ದಾಗಲೇ. ಆತ ಸತ್ತದ್ದು ಎಲ್ಲರಿಗಿಂತ ಮೊದಲು ಆಕೆಗೆ ಗೊತ್ತಾಯಿತು. ಯಾರೂ ಆಕೆಗೆ ಹೇಳಬೇಕಾಗಲಿಲ್ಲ.

ಸತ್ತ ಒಂಬತ್ತನೆಯ ದಿನ ರಿಪೇರಿಯವರು ಹೋಗಿ, ಹೋದವರ ದನಿ ಹೊತ್ತ ವಾಲ್ವಿನ ಕಾಲಿನಿಂದ ರೆಸಿಸ್ಟರ್ ಕಿತ್ತು, ಕೇಳುತ್ತಿದ್ದವರ ಕೈಗೆ ಕೊಡುವುದು ನಮ್ಮೂರಿನ ಪದ್ಧತಿ. ಹೆಂಗಸರು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾರೆ. ನಾನು ಹೋದೆ. ನನ್ನ ಚೀಲದಲ್ಲಿ ಸಣ್ಣ ಡಬ್ಬಿಯೊಂದಿತ್ತು. ಅದರಲ್ಲಿ ನಾನು ಕದ್ದು ಹಾಕಿ ಕಿತ್ತ ಮೂರು ರೆಸಿಸ್ಟರ್‌ಗಳು. ಏಕೆ ಒಯ್ದೆನೆಂದರೆ, ಬರಿಗೈಯಲ್ಲಿ ಆ ಮನೆಗೆ ಹೋಗಲು ನನಗೆ ಧೈರ್ಯವಿರಲಿಲ್ಲ.

ಮುಚ್ಚಳ ಬಿಚ್ಚಿ, ಬೆಸುಗೆ ಕರಗಿಸಿ, ಅದನ್ನು ಕಿತ್ತು ಆಕೆಯ ಅಂಗೈಗೆ ಹಾಕಿದೆ. ಪಕ್ಕದಲ್ಲಿ ಡಬ್ಬಿಯನ್ನೂ ಇಟ್ಟೆ. ಆಕೆ ಡಬ್ಬಿ ತೆರೆದು ಬೆರಳಾಡಿಸಿ, ಏನೆಂದು ತಿಳಿದು, ಆ ಮೂರನ್ನೂ ಅದೇ ಅಂಗೈಗೆ ಸುರಿದುಕೊಂಡಳು. ನಾಲ್ಕನ್ನೂ ಬಹಳ ಹೊತ್ತು ತಿಕ್ಕಿ ನೋಡಿದಳು. ಆಮೇಲೆ ಎಷ್ಟೋ ತಿಂಗಳ ಮೇಲೆ ಮೊದಲ ಸಲ ನನ್ನೆದುರು ಹೆಡ್‌ಫೋನ್ ಹಾಕಿಕೊಂಡು ಮೈಕು ಎಳೆದುಕೊಂಡಳು. ನಾನು ಕರಿಬಸಣ್ಣನ ಜಾಗದಲ್ಲಿ ಕೂತು ಆತನ ಹೆಡ್‌ಫೋನ್ ಹಾಕಿಕೊಳ್ಳಬೇಕಾಯಿತು.

"ನಾಕೂ ಒಂದೇ ಥರ ಅದಾವಲ್ಲ. ಅವರದು ಯಾವುದು?"

ನನ್ನ ಮಾತು ಹೊರಬೇಕಾದ ವಾಲ್ವಿನ ಕಾಲು ಇನ್ನೂ ಬರಿದಾಗಿತ್ತು. ನಾನು ಏನು ಹೇಳಿದರೂ ಆಕೆಗೆ ಕೇಳುವಂತಿರಲಿಲ್ಲ. ಅಂಗೈಯಿಂದ ಒಂದನ್ನು ಆರಿಸಿ ಆಕೆಯ ಬೆರಳಿಗೆ ಮುಟ್ಟಿಸಿದೆ. ಸಾವಿರದ ಇನ್ನೂರು. ಕಂದು, ಕೆಂಪು, ಕೆಂಪು.

"ನೀನು ಕೊಟ್ಟಿದ್ದನ್ನ ಹಂಗೇ ಕಟ್ಕಳ್ಲಾ?" ಅಂದಳು. ಸಿಟ್ಟಿರಲಿಲ್ಲ, ಕೇಳಬೇಕಾದದ್ದನ್ನು ಕೇಳುವ ಹಾಗೆ ಕೇಳಿದಳು. "ಬಣ್ಣ ನೀನು ನೋಡ್ತಿ. ನಂಗೆ ಅದೇನು ಗೊತ್ತು. ಸಿಕ್ಕಿಸು. ಸಿಕ್ಕಿಸಿ ನನ್ನ ಹೆಸರು ಹಿಡಿದು ಕರಿ."

ವಾಲ್ವಿನ ಕಾಲಿಗೆ ಅದನ್ನು ಕ್ಲಿಪ್ಪಿನಲ್ಲಿ ಸಿಕ್ಕಿಸಿದೆ. ಹಾಲಮ್ಮಕ್ಕ ಗುಂಡಿಯನ್ನು ಮುಟ್ಟಿ ಐದನೇ ಗೆರೆಯಲ್ಲಿದೆಯೇ ಎಂದು ನೋಡಿಕೊಂಡಳು. ಆಮೇಲೆ ಬಲಗೈ ಚಾಚಿ, ತಡಕಿ, ನನ್ನ ಎದೆಯ ಮೇಲೆ ಅಂಗೈ ಊರಿದಳು. ಬೆಚ್ಚಗಿನ, ಒರಟು ಅಂಗೈ. ಬೆರಳ ತುದಿಗಳಲ್ಲಿ ತಾಮ್ರದ ತಂತಿ ಕೊರೆದ ಗೆರೆಗಳು ಕುಪ್ಪಸದ ಮೇಲಿಂದಲೂ ನನಗೆ ತಿಳಿಯುತ್ತಿದ್ದವು.

"ಹಾಲಮ್ಮಕ್ಕ, ನಾನು ವೀರವ್ವ" ಎಂದೆ. ಅಷ್ಟಕ್ಕೆ ನಿಲ್ಲಿಸಬೇಕೆಂದಿದ್ದೆ, ಆಗಲಿಲ್ಲ. "ನನ್ನಿಂದ ತಪ್ಪಾತು ಅಕ್ಕಾ. ನಿನ್ನ ಕೈನ ನಾನು ಸಾಯಿಸಿದ್ದೆ."

ಆಕೆ ಇನ್ನೊಮ್ಮೆ ಅನ್ನು ಎಂದು ಕೈಯಲ್ಲೇ ಒತ್ತಿದಳು. ನಾನು ಇನ್ನೊಮ್ಮೆ ಅಂದೆ. ಮೂರನೆಯ ಸಲ ಹೇಳುವಾಗ ನನ್ನ ಮಾತು ಅರ್ಧಕ್ಕೆ ನಿಂತಿತು. ಆಕೆಯ ಕಿವಿಯಲ್ಲೂ ಅರ್ಧಕ್ಕೇ ನಿಂತಿರಬೇಕು, ಅಂಗೈಯಲ್ಲೂ.

"ಸರಿ" ಅಂದಳು ಹಾಲಮ್ಮಕ್ಕ. "ಈಗ ಕಿತ್ತು ಕೊಡು."

ಕಿತ್ತು ಕೊಟ್ಟೆ. ಆಕೆ ಸೆರಗಿನ ತುದಿಗೆ ಗಂಟು ಹಾಕಿ ಬಿಗಿದುಕೊಂಡು, ಉಳಿದ ಮೂರನ್ನು ಡಬ್ಬಿಗೆ ಹಾಕಿ ಮುಚ್ಚಿ ನನ್ನ ಕೈಯಲ್ಲಿಟ್ಟಳು. ಆ ಡಬ್ಬಿ ಈಗ ನನ್ನ ಮೇಜಿನ ಮೇಲೆ, ಬೆಸುಗೆ ಕಡ್ಡಿ ಇಡುವ ಜಾಗದಲ್ಲಿ ಇದೆ.